ಚೀಟಿ ಕೇಳ್ರಿ: ಕೂಸಿನ ಸಾವು, ದವಾಖಾನೆ ಮತ್ತು ನಮ್ಮ ಹಕ್ಕು

(ಕಳಸಾಪುರದಲ್ಲಿ ನಡೆದ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಹೊಲದ ಕೆಲಸ ಬಿಟ್ಟು, ಮನೆಯಾಗ ಮಕ್ಕಳನ್ನ ಅತ್ತೆಯವರ ಕಡೆ ಬಿಟ್ಟು ಇಷ್ಟು ಮಂದಿ ಬಂದೀರಿ. ಉಳಿತಾಯ, ಸಾಲ, ಹೊಲಿಗೆ ಯಂತ್ರ ಇವುಗಳ ಬಗ್ಗೆ ಮಾತಾಡಲು ನಾವು ಕಳಸಾಪುರಕ್ಕೆ ಹಲವು ಸಲ ಬಂದಿದ್ದೇವೆ. ಇವತ್ತಿನ ವಿಷಯ ಬೇರೆ. ಸ್ವಲ್ಪ ಮನಸ್ಸು ಭಾರ ಆಗುವಂಥಾದ್ದು. ದವಾಖಾನೆಯ ಬಾಗಿಲಲ್ಲಿ ಕೂಸು ಕಳಕೊಂಡ ಮನೆಯವರು ಕೋರ್ಟಿಗೆ ಹೋಗಬಹುದೇ, ಹೋದರೆ ಏನು ಉಪಯೋಗ ಎಂಬುದೇ ಇವತ್ತಿನ ಮಾತು. ಕಾನೂನಿಗೆ ಹೋಗುವ ಮೊದಲು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ.

ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ಊರು ಇದಲ್ಲ, ಹೆಸರು ಬೇಡ. ಹನ್ನೊಂದು ದಿನದ ಗಂಡು ಕೂಸು. ಬೆಳಿಗ್ಗೆಯಿಂದ ಮೊಲೆ ಹಿಡಿಯಲಿಲ್ಲ. ಉಸಿರು ಎಳೆಯುವಾಗ ಎದೆ ಒಳಗೆ ಜಗ್ಗುತ್ತಿತ್ತು. ಬಾಣಂತಿ, ಅವಳ ಗಂಡ, ಅಜ್ಜಿ ಮೂವರೂ ಟಂಟಂ ಮಾಡಿಕೊಂಡು ಒಂದು ಸರ್ಕಾರಿ ದವಾಖಾನೆಗೆ ಹೋದರು. ಬಾಗಿಲಲ್ಲೇ ನೋಡಿ "ಇಲ್ಲಿ ಜಾಗ ಇಲ್ಲ, ದೊಡ್ಡ ಊರಿಗೆ ಒಯ್ರಿ" ಅಂದರು. ಕೂಸನ್ನು ಯಾರೂ ಮುಟ್ಟಲಿಲ್ಲ, ಗಾಡಿ ಮಾಡಿಕೊಡಲಿಲ್ಲ. ಅಲ್ಲಿಂದ ಒಂದು ಖಾಸಗಿ ದವಾಖಾನೆ. ಮೊದಲು ಹತ್ತು ಸಾವಿರ ಕಟ್ಟಿರಿ ಅಂದರು. ಇವರ ಹತ್ತಿರ ಇದ್ದದ್ದು ಸಾವಿರದ ಎಂಟುನೂರು. ಮೂರನೇ ದವಾಖಾನೆಗೆ ಹೋಗುವ ದಾರಿಯಲ್ಲಿ ಅಜ್ಜಿಯ ತೊಡೆಯ ಮೇಲೆ ಕೂಸು ಸುಮ್ಮನಾಯಿತು.

ಮೂರನೇ ದಿನ ನಾವು ಆ ಮನೆಗೆ ಹೋದೆವು. ಎಲ್ಲರೂ ಹೇಳುವುದನ್ನೇ ನಾವೂ ಹೇಳಿದೆವು. "ದೇವರ ಇಚ್ಛೆ ತಾಯಿ, ಧೈರ್ಯ ತಗೋ" ಅಂದೆವು. ಆ ತಾಯಿ ನಮ್ಮ ಮುಖ ನೋಡಿ ಒಂದೇ ಮಾತು ಕೇಳಿದಳು: "ಸಿಸ್ಟರ್, ನನ್ನ ಕೂಸು ಆ ದವಾಖಾನಿಗೆ ಬಂದಿತ್ತು ಅಂತ ಯಾರರ ಬರಕೊಂಡಾರೇನ್ರಿ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸಮಾಜ ಕಾರ್ಯದಲ್ಲಿ ಮಾಸ್ಟರ್ಸ್ ಮಾಡಿದವರು ನಾವು. ಆ ದಿನವೇ ಅವಳ ಕೈ ಹಿಡಿದು ಹೋಗಿ ಚೀಟಿ ಕೇಳಬೇಕಿತ್ತು. ಕೇಳಲಿಲ್ಲ. ಪ್ರಾರ್ಥನೆ ಮಾಡಿ ಮನೆಗೆ ಬಂದೆವು.

ಮೂರು ವರ್ಷದ ನಂತರ ಆ ಮನೆಯ ಮೈದುನ ಯಾವುದೋ ಕೇಸಿನ ಸುದ್ದಿ ಕೇಳಿ ನಮ್ಮ ಹತ್ತಿರ ಬಂದ. ಎಲ್ಲರೂ ಕೂಡಿ ವಕೀಲರ ಹತ್ತಿರ ಹೋದೆವು. ವಕೀಲರು ಕಾಗದ ಕೇಳಿದರು. ಹೊರರೋಗಿ ಚೀಟಿ ಇಲ್ಲ, ರಿಜಿಸ್ಟರಿನಲ್ಲಿ ಹೆಸರಿಲ್ಲ, ಕೂಸಿನ ಮರಣದ ನೋಂದಣಿಯೂ ಆಗಿಲ್ಲ. ಗ್ರಾಹಕ ನ್ಯಾಯಾಲಯದ ಎರಡು ವರ್ಷದ ಗಡುವೂ ಮುಗಿದಿತ್ತು. ಕೇಸು ಹಾಕಲೇ ಇಲ್ಲ. ಆ ದವಾಖಾನೆಗಳ ಹೆಸರನ್ನು ನಾವು ಇವತ್ತಿಗೂ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಹೇಳಿದ್ದನ್ನು ಸಾಬೀತು ಮಾಡುವ ಒಂದು ಚೂರು ಕಾಗದ ನಮ್ಮ ಹತ್ತಿರ ಇಲ್ಲ.

ಇದು ಉಪಕಾರ ಅಲ್ಲ, ಹಕ್ಕು

ನಮ್ಮ ಮಂದಿಯಲ್ಲಿ ಒಂದು ಭಾವನೆ ಇದೆ. ಸರ್ಕಾರಿ ದವಾಖಾನೆಯಲ್ಲಿ ರೊಕ್ಕ ತಗೊಳ್ಳೋದಿಲ್ಲ, ಹಾಗಾಗಿ ಕೊಟ್ಟಷ್ಟು ತಗೋಬೇಕು, ಕೇಳಬಾರದು ಅಂತ. ಇದು ತಪ್ಪು ತಿಳಿವಳಿಕೆ. ನಮ್ಮ ಸಂವಿಧಾನದ 21ನೇ ವಿಧಿ ಜೀವದ ಹಕ್ಕನ್ನು ಕೊಟ್ಟಿದೆ. ತುರ್ತು ಸಮಯದಲ್ಲಿ ಬಂದ ರೋಗಿಗೆ ಸರ್ಕಾರಿ ವೈದ್ಯರಾಗಲಿ, ಖಾಸಗಿ ವೈದ್ಯರಾಗಲಿ ಚಿಕಿತ್ಸೆ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟು 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತು.

1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಕೂಲಿಕಾರನನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗಳು ಹಾಸಿಗೆ ಇಲ್ಲ ಎಂದು ವಾಪಸು ಕಳಿಸಿದವು. ಅವನ ಪರವಾಗಿ ಹೊಲಗೂಲಿಕಾರರ ಸಂಘವೇ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ತೀರ್ಪು ಬಂತು. ಸಮಯಕ್ಕೆ ಚಿಕಿತ್ಸೆ ಕೊಡದಿದ್ದರೆ ಅದು ಜೀವದ ಹಕ್ಕಿನ ಉಲ್ಲಂಘನೆ, ರೊಕ್ಕ ಇಲ್ಲ ಎಂದು ಸರ್ಕಾರ ನೆಪ ಹೇಳುವಂತಿಲ್ಲ ಎಂದಿತು ಕೋರ್ಟು. 25,000 ರೂಪಾಯಿ ಪರಿಹಾರವನ್ನೂ ಕೊಡಿಸಿತು. ಕೇಸು ಹಾಕಿದ್ದು ನಿಮ್ಮಂಥ ಕೂಲಿ ಮಾಡುವವರ ಸಂಘ ಎಂಬುದನ್ನು ನೆನಪಿಡಿರಿ.

ತಾಯಿ-ಕೂಸಿನ ವಿಷಯಕ್ಕೆ ಬಂದರೆ ದಿಲ್ಲಿ ಹೈಕೋರ್ಟು 2010ರ ಜೂನ್ 4ರಂದು ಕೊಟ್ಟ ತೀರ್ಪು ಬಹಳ ಮುಖ್ಯ. ಅದಕ್ಕೆ ಲಕ್ಷ್ಮೀ ಮಂಡಲ್ ಪ್ರಕರಣ ಅಂತ ಹೆಸರು. ತೀರ್ಪು ಕೊಟ್ಟವರು ನ್ಯಾಯಮೂರ್ತಿ ಎಸ್. ಮುರಳೀಧರ್. ಒಬ್ಬ ಬಡ ಹೆಣ್ಣುಮಗಳು, ಹೊಟ್ಟೆಯಲ್ಲೇ ಕೂಸು ತೀರಿಕೊಂಡಿತ್ತು. ಆ ಸ್ಥಿತಿಯಲ್ಲೇ ಅವಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಡಿಸಿದರು. ಮುಂದಿನ ಬಸಿರಿನಲ್ಲಿ, 2010ರ ಜನವರಿಯಲ್ಲಿ, ಮನೆಯಲ್ಲೇ ಹೆತ್ತು ಅವಳೂ ತೀರಿಕೊಂಡಳು. ಅದೇ ತೀರ್ಪಿನಲ್ಲಿ ಇನ್ನೊಬ್ಬ ತಾಯಿಯ ಕೇಸೂ ಸೇರಿತ್ತು. ಹೆರಿಗೆ ಆಸ್ಪತ್ರೆ ಒಳಗೆ ಸೇರಿಸಿಕೊಳ್ಳದೆ ಅವಳು ಮರದ ಕೆಳಗೆ ಹೆತ್ತಿದ್ದಳು. ಎರಡೂ ಕುಟುಂಬಗಳು ಸುಮ್ಮನೆ ಕೂಡಲಿಲ್ಲ. ಹೈಕೋರ್ಟು ಪರಿಹಾರ ಕೊಡಿಸಿದ್ದಷ್ಟೇ ಅಲ್ಲ, ಬಡವರು ಬಡವರೆಂದು ಸಾಬೀತು ಮಾಡಲು ಅಲೆಯುವಂತೆ ಆಗಬಾರದು, ಒಂದು ರಾಜ್ಯದ ಕಾರ್ಡು ಇದ್ದವರಿಗೆ ಇನ್ನೊಂದು ರಾಜ್ಯದಲ್ಲೂ ಸೇವೆ ಸಿಗಬೇಕು ಎಂದಿತು.

ಇದು ನಮಗ್ಯಾಕೆ ಅನ್ನಬೇಡಿರಿ. ನಮ್ಮ ಕಡೆಯಿಂದ ಎಷ್ಟು ಮಂದಿ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ! ತಾಯಿ ಕಾರ್ಡು ಊರಲ್ಲಿ ಉಳಿದಿರುತ್ತದೆ, ಹೆರಿಗೆ ನೋವು ಅಲ್ಲಿ ಬರುತ್ತದೆ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ಆಗಿದ್ದು ಇದೇ. ತಮಿಳುನಾಡಿನಿಂದ ಬಂದಿದ್ದ ಒಬ್ಬ ಬಡ ಗರ್ಭಿಣಿಯನ್ನು ತಾಯಿ ಕಾರ್ಡು ಇಲ್ಲ ಎಂದು ಆಸ್ಪತ್ರೆಯಿಂದ ವಾಪಸು ಕಳಿಸಿದರು. ಮನೆಯಲ್ಲಿ ಅವಳೂ ತೀರಿಕೊಂಡಳು, ಅವಳಿ ಕೂಸುಗಳೂ ತೀರಿಕೊಂಡವು. ವೈದ್ಯೆಯನ್ನೂ ನರ್ಸುಗಳನ್ನೂ ಅಮಾನತು ಮಾಡಿದರು. ಆದರೆ ದಿಲ್ಲಿಯ ತೀರ್ಪು ಬಂದು ಹನ್ನೆರಡು ವರ್ಷ ಆಗಿತ್ತಲ್ಲ! ತೀರ್ಪು ಪುಸ್ತಕದಲ್ಲಿತ್ತು, ಬಾಗಿಲಲ್ಲಿ ನಿಂತವರಿಗೆ ಗೊತ್ತಿರಲಿಲ್ಲ. ಗೊತ್ತು ಮಾಡುವ ಕೆಲಸ ನಮ್ಮ ನಿಮ್ಮದು.

ಕೇಸು ಹಾಕಿದರೆ ಕೂಸು ಬರುತ್ತದೆಯೇ?

ಬರುವುದಿಲ್ಲ. ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಇದಕ್ಕೆ ದೂರದ ದೇಶದ ಒಂದು ಉದಾಹರಣೆ ಹೇಳುತ್ತೇವೆ. 1959ರಲ್ಲಿ ಅಮೆರಿಕದ ಡೆಲವೇರ್ ರಾಜ್ಯದಲ್ಲಿ ನಾಲ್ಕು ತಿಂಗಳ ಕೂಸನ್ನು ತಂದೆತಾಯಿ ಒಂದು ಖಾಸಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ತಂದರು. ಬೇರೆ ಡಾಕ್ಟರು ನೋಡುತ್ತಿರುವ ಕೂಸು ಎಂದು ನರ್ಸು ಪರೀಕ್ಷೆ ಮಾಡದೆ ಕಳಿಸಿದಳು. ಅದೇ ದಿನ ಮಧ್ಯಾಹ್ನ ಕೂಸು ನ್ಯುಮೋನಿಯಾದಿಂದ ತೀರಿಕೊಂಡಿತು. ತಂದೆತಾಯಿ ಕೇಸು ಹಾಕಿದರು. ತುರ್ತು ವಿಭಾಗ ಅಂತ ಬಾಗಿಲು ತೆರೆದ ಮೇಲೆ ಕಣ್ಣಿಗೆ ಕಾಣುವ ತುರ್ತನ್ನು ಸುಮ್ಮನೆ ತಿರುಗಿಸಿ ಕಳಿಸಿದರೆ ಖಾಸಗಿ ಆಸ್ಪತ್ರೆಯೂ ಹೊಣೆ ಆಗಬಹುದು ಎಂದು ಆ ರಾಜ್ಯದ ಸುಪ್ರೀಂ ಕೋರ್ಟು 1961ರಲ್ಲಿ ಹೇಳಿತು.

ಅದೇ ದೇಶದಲ್ಲಿ ಕಪ್ಪು ಜನರನ್ನು ಬಿಳಿಯರ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಉತ್ತರ ಕೆರೋಲಿನಾದ ಕಪ್ಪು ವೈದ್ಯರು, ರೋಗಿಗಳು ಎರಡು ಆಸ್ಪತ್ರೆಗಳ ಮೇಲೆ ನಾಗರಿಕ ಹಕ್ಕಿನ ಕೇಸು ಹಾಕಿ 1963ರಲ್ಲಿ ಗೆದ್ದರು. ಮರುವರ್ಷ ನಾಗರಿಕ ಹಕ್ಕುಗಳ ಕಾಯ್ದೆಯೇ ಬಂತು. ಆಸ್ಪತ್ರೆಗಳ ಬಾಗಿಲು ತೆರೆದ ಮೇಲೆ ಮಿಸಿಸಿಪ್ಪಿಯಂಥ ರಾಜ್ಯದಲ್ಲಿ ಭೇದಿ, ನ್ಯುಮೋನಿಯಾದಿಂದ ಸಾಯುವ ಕಪ್ಪು ಕೂಸುಗಳ ಸಂಖ್ಯೆ ಬೇಗ ಇಳಿಯಿತೆಂದು ಮುಂದೆ ಅಧ್ಯಯನ ಮಾಡಿದವರು ತೋರಿಸಿದ್ದಾರೆ. ಕೇಸು ಹಾಕಿದವರ ನಷ್ಟ ತುಂಬಲಿಲ್ಲ. ಹಿಂದೆ ಬಂದವರ ಕೂಸುಗಳು ಉಳಿದವು.

ನಮ್ಮ ರಾಜ್ಯದಲ್ಲೂ ಸುಧಾರಣೆ ಆಗಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2000ದಲ್ಲಿ ಕರ್ನಾಟಕದಲ್ಲಿ ಸಾವಿರ ಕೂಸು ಹುಟ್ಟಿದರೆ ವರ್ಷ ತುಂಬುವುದರೊಳಗೆ 57 ಸಾಯುತ್ತಿದ್ದವು. 2020ರ ಹೊತ್ತಿಗೆ ಅದು 19ಕ್ಕೆ ಇಳಿಯಿತು. ಇದಕ್ಕೆ ಆಶಾ ಅಕ್ಕಂದಿರು, ನರ್ಸುಗಳು, ಡಾಕ್ಟರುಗಳು ಬೆವರು ಸುರಿಸಿದ್ದಾರೆ. ಆದರೆ ಆ 19ರಲ್ಲಿ ನಮ್ಮ ಕೂಸು ಇದ್ದರೆ ಆ ತಾಯಿಗೆ ಅದೇ ನೂರಕ್ಕೆ ನೂರು.

ಯಾವ ಬಾಗಿಲು ತಟ್ಟಬೇಕು?

ರೊಕ್ಕ ಕೊಟ್ಟು ಚಿಕಿತ್ಸೆ ತಗೊಂಡವರು ಗ್ರಾಹಕರು. 1995ರಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. 1998ರಲ್ಲಿ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣದಲ್ಲಿ ಮಗು ಮಾತ್ರವಲ್ಲ, ತಂದೆತಾಯಿಯೂ ಗ್ರಾಹಕರೇ, ಅವರ ಸಂಕಟಕ್ಕೂ ಪರಿಹಾರ ಉಂಟು ಎಂದಿತು. ಇಂಥವರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. 2019ರ ಕಾಯ್ದೆ ಪ್ರಕಾರ ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಸರ್ಕಾರಿ ದವಾಖಾನೆ ಈ ಕಾಯ್ದೆಯಲ್ಲಿ ಬರುವುದಿಲ್ಲ. ಹಾಗಾದರೆ ಬಡವರಿಗೆ ದಾರಿ ಇಲ್ಲವೇ? ಇದೆ, ಅದಕ್ಕಿಂತ ದೊಡ್ಡ ದಾರಿ ಇದೆ. ಸಂವಿಧಾನದ 226ನೇ ವಿಧಿ ಪ್ರಕಾರ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಬೆಂಗಳೂರಿಗೆ ಹೋಗಬೇಕಿಲ್ಲ. 2008ರಿಂದ ಧಾರವಾಡದಲ್ಲೇ ಹೈಕೋರ್ಟು ಪೀಠ ಇದೆ, ಗದಗ ಜಿಲ್ಲೆ ಅದಕ್ಕೇ ಸೇರಿದೆ. ವಕೀಲರ ಫೀ ಎಲ್ಲಿಂದ ತರೋಣ ಅನ್ನುತ್ತೀರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ವಕೀಲರ ನೆರವು ಉಚಿತ. ಆದಾಯ ಎಷ್ಟು ಅಂತ ಕೇಳುವುದಿಲ್ಲ. 15100ಕ್ಕೆ ಫೋನು ಮಾಡಿರಿ, ಇಲ್ಲವೇ ಗದಗ ಕೋರ್ಟಿನ ಆವರಣದಲ್ಲಿ ವಿಚಾರಿಸಿರಿ. ಇನ್ನು ಮಾನವ ಹಕ್ಕುಗಳ ಆಯೋಗಕ್ಕೆ ಒಂದು ವರ್ಷದೊಳಗೆ ಬರೀ ಕಾಗದದ ಮೇಲೆ ದೂರು ಬರೆದು ಕಳಿಸಬಹುದು, ಫೀ ಇಲ್ಲ.

ಏನು ಮಾಡಬೇಕು?

1. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಉಸಿರು ಜೋರಾದರೆ, ಎದೆ ಒಳಗೆ ಜಗ್ಗಿದರೆ, ಅಂಗಾಲಿನವರೆಗೆ ಹಳದಿ ಆದರೆ, ಫಿಟ್ಸ್ ಬಂದರೆ ತಡ ಮಾಡಬೇಡಿರಿ. 108ಕ್ಕೆ ಫೋನು ಮಾಡಿರಿ.

2. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರ ಜೂನ್ 1ರಂದು ಶುರುವಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆ ಬಿದ್ದ ಕೂಸಿಗೆ ಔಷಧ, ಪರೀಕ್ಷೆ, ರಕ್ತ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ಗಾಡಿ ಎಲ್ಲ ಉಚಿತ. ಮೊದಲು 30 ದಿನದ ಕೂಸಿಗೆ ಇತ್ತು, ಮುಂದೆ ಒಂದು ವರ್ಷದ ತನಕ ಮಾಡಿದರು. "ಬೇರೆ ಕಡೆ ಒಯ್ರಿ" ಅಂದರೆ "ಗಾಡಿ ಕೊಡ್ರಿ, ಚೀಟಿ ಬರದು ಕೊಡ್ರಿ" ಅನ್ನಿರಿ.

3. ಯಾವ ದವಾಖಾನೆಯ ಮೆಟ್ಟಿಲು ಹತ್ತಿದರೂ ಹೆಸರು ಬರೆಸಿರಿ. ಚೀಟಿ ಕೊಡದಿದ್ದರೆ ಗಂಟೆ, ದಿನ, ಯಾರು ಏನಂದರು ಎಂಬುದನ್ನು ಅವತ್ತೇ ಒಂದು ನೋಟ್ ಬುಕ್ಕಿನಲ್ಲಿ ಬರೆಯಿರಿ. ಜೊತೆಗಿದ್ದವರ ಸಹಿ ಹಾಕಿಸಿರಿ. ಫೋನಿನ ಕರೆಯ ಪಟ್ಟಿ ಅಳಿಸಬೇಡಿರಿ.

4. ಒಳರೋಗಿಯಾಗಿ ಸೇರಿಸಿದ್ದರೆ ಚಿಕಿತ್ಸೆಯ ದಾಖಲೆಯ ಪ್ರತಿಯನ್ನು ಅರ್ಜಿ ಕೊಟ್ಟು ಕೇಳಿರಿ. 2002ರ ವೈದ್ಯರ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನಲ್ಲೂ ಕೇಳಬಹುದು, ಬಿಪಿಎಲ್‌ನವರಿಗೆ ಶುಲ್ಕ ಇಲ್ಲ.

5. ಒಂದೇ ದಿನದ ಕೂಸಾದರೂ ಜನನ, ಮರಣ ಎರಡನ್ನೂ 21 ದಿನದೊಳಗೆ ನೋಂದಣಿ ಮಾಡಿಸಿರಿ. ಹೆಸರಿಡದ ಕೂಸನ್ನು ಯಾಕೆ ಬರೆಸಬೇಕು ಅನ್ನಬೇಡಿರಿ. ಆಶಾ ಅಕ್ಕನಿಗೆ ತಿಳಿಸಿರಿ. ಮಕ್ಕಳ ಸಾವು ಯಾಕಾಯಿತು ಎಂದು ವಿಚಾರಿಸಿ ವರದಿ ಮಾಡುವ ಪದ್ಧತಿ ಸರ್ಕಾರದಲ್ಲೇ ಇದೆ.

ಕೊನೆಗೆ ಒಂದು ಎಚ್ಚರಿಕೆ ಮಾತು. ಸಿಟ್ಟು ಬಂದು ದವಾಖಾನೆಯ ಗಾಜು ಒಡೆಯುವುದು, ಡಾಕ್ಟರ ಮೇಲೆ ಕೈ ಮಾಡುವುದು ಬೇಡ. ಅದಕ್ಕೆ 2009ರ ಕಾಯ್ದೆಯಲ್ಲಿ ಶಿಕ್ಷೆ ಇದೆ, ನಮ್ಮ ನ್ಯಾಯದ ಕೇಸೂ ಅಲ್ಲಿಗೇ ಮುಗಿಯುತ್ತದೆ. ಪ್ರತಿಯೊಂದು ಸಾವೂ ವೈದ್ಯರ ತಪ್ಪಲ್ಲ. ಎಷ್ಟೋ ಸಲ ಅವರೂ ಒಂದೇ ಹಾಸಿಗೆ, ಮೂರು ಕೂಸು ಎಂಬ ಇಕ್ಕಟ್ಟಿನಲ್ಲಿ ಇರುತ್ತಾರೆ. ಹಾಸಿಗೆ ಯಾಕೆ ಒಂದೇ ಇದೆ ಎಂದು ಸರ್ಕಾರವನ್ನು ಕೇಳುವುದೂ ಆ ಕೇಸಿನ ಕೆಲಸವೇ. ನಾವು ಹಗೆ ತೀರಿಸಲು ಹೋಗುವುದಿಲ್ಲ, ಉತ್ತರ ಕೇಳಲು ಹೋಗುತ್ತೇವೆ.

ಆ ತಾಯಿ ಈಗ ಚೆನ್ನಾಗಿದ್ದಾಳೆ. ಎರಡು ಹೆಣ್ಣುಮಕ್ಕಳಿದ್ದಾರೆ, ಸಂಘದ ಲೆಕ್ಕ ಬರೆಯುತ್ತಾಳೆ. ಕಳೆದ ಸಲ ಹೋದಾಗ ಲೆಕ್ಕದ ಪುಸ್ತಕದ ಹಿಂದಿನ ಹಾಳೆ ತೋರಿಸಿದಳು. ಊರಲ್ಲಿ ಯಾವ ಬಸುರಿ, ಯಾವ ಕೂಸು, ಯಾವತ್ತು ಯಾವ ದವಾಖಾನೆಗೆ ಹೋಯಿತು, ಚೀಟಿ ಕೊಟ್ಟರೋ ಇಲ್ಲವೋ ಎಲ್ಲ ಬರೆದಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಅವಳ ಪ್ರಶ್ನೆಗೆ ನಾವು ಕೊಡಲಾಗದ ಉತ್ತರವನ್ನು ಅವಳೇ ಬರೆಯುತ್ತಿದ್ದಾಳೆ.

ಕಳಸಾಪುರದ ಪ್ರತಿ ಸಂಘದಲ್ಲೂ ಅಂಥ ಒಂದು ಹಾಳೆ ಇರಲಿ ಅಂತ ಕೇಳಿಕೊಳ್ಳುತ್ತೇವೆ. ಮುಂದಿನ ಸಭೆಗೆ ಬಂದಾಗ ನಾವು ಮೊದಲು ಅದನ್ನೇ ನೋಡುತ್ತೇವೆ.