ತೆಳು ಗೇಜೋ, ರೂಢಿಯ ಗೇಜೋ? ಚೈನ್‌ಸಾ ಸರಪಳಿಯ ಆಯ್ಕೆ

(ವಾಸ್ಕೋದಲ್ಲಿ ನೆಲೆಸಿರುವ ನಮ್ಮ ಸದಸ್ಯರ ಮಳೆಗಾಲಕ್ಕೆ ಮುಂಚಿನ ಸಭೆಯಲ್ಲಿ ಕಾರ್ಖಾನೆಯ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಕಬ್ಬಿನ ಅಧಿಕಾರಿ ಬಂದನೆಂದರೆ ತಳಿ, ಗೊಬ್ಬರ, ಬಿಲ್ಲು, ಇವುಗಳ ಮಾತೇ ಎಂದು ತಾವು ತಿಳಿದು ಬಂದಿರಬೇಕು. ಬಿಲ್ಲಿನ ವಿಷಯವನ್ನು ಲೆಕ್ಕಪತ್ರ ವಿಭಾಗದವರು ಆಗಲೇ ಹೇಳಿ ಮುಗಿಸಿದ್ದಾರೆ. ನಾನು ಇಂದು ಮರ ಕೊಯ್ಯುವ ಯಂತ್ರದ ಸರಪಳಿಯ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಇದಕ್ಕೆ ಕಾರಣವಿದೆ. ತಮ್ಮಲ್ಲಿ ಅನೇಕರು ಇಲ್ಲಿ ದುಡಿಯುತ್ತೀರಿ, ಹೊಲ ಊರಿನಲ್ಲಿದೆ. ಬದುವಿನ ಬೇವು, ಜಾಲಿ, ನೀಲಗಿರಿಗಳ ನೆರಳು ಕಬ್ಬಿನ ಮೇಲೆ ಬಿದ್ದು ಅಂಚಿನ ನಾಲ್ಕಾರು ಸಾಲು ಸೊರಗುತ್ತವೆ. ಹಂಗಾಮು ಶುರುವಾದಾಗ ಟ್ರ್ಯಾಕ್ಟರಿನ ಹೇರಿಗೆ ಕೊಂಬೆ ಅಡ್ಡ ಬರುತ್ತದೆ. ಊರಿನಿಂದ ಅಣ್ಣನೋ ತಮ್ಮನೋ ಫೋನ್ ಮಾಡಿ, "ಅಲ್ಲಿ ಚಲೋ ಸಾಮಾನು ಸಿಗತೈತಿ, ಹದಿನೆಂಟು ಇಂಚಿನ ಒಂದು ಚೈನ್ ಕಳಸು" ಎನ್ನುತ್ತಾನೆ. ತಾವು ಅಂಗಡಿಗೆ ಹೋಗಿ ಅಷ್ಟನ್ನೇ ಹೇಳಿ, ಕೊಟ್ಟದ್ದನ್ನು ತಂದು ಬಸ್ಸಿನಲ್ಲಿ ಕಳಿಸುತ್ತೀರಿ. ತಪ್ಪು ಶುರುವಾಗುವುದು ಅಲ್ಲಿಯೇ.

ವಾಸ್ಕೋದವರಿಗೆ ಗೇಜ್ ಎಂಬ ಮಾತನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರದ ಮೇಲಿಂದ ಇಳಿದು ಬರುವ ಈ ರೈಲು ದಾರಿ 1880ರ ದಶಕದಿಂದಲೂ ಮೀಟರ್ ಗೇಜ್ ಆಗಿತ್ತು. 1990ರ ದಶಕದಲ್ಲಿ ಅದನ್ನು ಬ್ರಾಡ್ ಗೇಜ್ ಮಾಡಿದರು. ಹಳಿಗಳ ನಡುವಿನ ಅಂತರ 1000 ಮಿಲಿಮೀಟರಿನಿಂದ 1676ಕ್ಕೆ ಹೋಯಿತು. ಆ ಕೆಲಸ ನಡೆದದ್ದನ್ನು ಕಣ್ಣಾರೆ ಕಂಡ ಹಿರಿಯರು ಈ ಸಭೆಯಲ್ಲೇ ಇದ್ದೀರಿ. ಹಳೆಯ ಡಬ್ಬಿ ಎಷ್ಟೇ ಗಟ್ಟಿಯಿದ್ದರೂ ಹೊಸ ಹಳಿಯ ಮೇಲೆ ಓಡಲಾರದು. ಅದು ಕಣ್ಣಿಗೇ ಕಾಣುತ್ತದೆ, ಆದ್ದರಿಂದ ಯಾರೂ ಆ ತಪ್ಪು ಮಾಡುವುದಿಲ್ಲ. ಸರಪಳಿಯಲ್ಲಿ ಕಾಣುವುದಿಲ್ಲ.

ಸರಪಳಿಯ ಒಳಮೈಯಲ್ಲಿ ಕೆಳಮುಖವಾಗಿ ಚೂಪಾದ ನಾಲಗೆಗಳಿರುತ್ತವೆ. ಮೆಕ್ಯಾನಿಕ್ಕರು ಅವನ್ನು ಡ್ರೈವ್ ಲಿಂಕ್ ಎನ್ನುತ್ತಾರೆ. ಬಾರಿನ ಅಂಚಿನಲ್ಲಿ ಸುತ್ತಲೂ ನೇಗಿಲ ಸಾಲಿನಂತೆ ಒಂದು ಸಣ್ಣ ಕಾಲುವೆ ಇರುತ್ತದೆ. ನಾಲಗೆ ಆ ಕಾಲುವೆಯಲ್ಲಿ ಓಡುತ್ತದೆ. ನಾಲಗೆಯ ದಪ್ಪವೇ ಗೇಜ್. ನಮ್ಮ ಕಡೆ ಹೆಚ್ಚಾಗಿ ಬಳಕೆಯಲ್ಲಿರುವ 0.325 ಇಂಚಿನ ಪಿಚ್ಚಿನ ಸರಪಳಿಯಲ್ಲಿ ರೂಢಿಯ ಗೇಜ್ 0.058 ಇಂಚು, ಅಂದರೆ ಒಂದೂವರೆ ಮಿಲಿಮೀಟರು. ತೆಳು ಗೇಜ್ 0.050 ಇಂಚು, 1.3 ಮಿಲಿಮೀಟರು. ಸಣ್ಣ ಯಂತ್ರಗಳ ಕುಳ್ಳು ಹಲ್ಲಿನ ಮೂರೆಂಟಾಂಶ ಇಂಚಿನ ಸರಪಳಿಯಲ್ಲಾದರೆ 0.050 ರೂಢಿಯದು, 0.043 ತೆಳುವಾದದ್ದು. ಒಂದರಲ್ಲಿ ತೆಳುವೆನಿಸಿಕೊಂಡದ್ದು ಇನ್ನೊಂದರಲ್ಲಿ ರೂಢಿಯದಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ "ತೆಳು ಚೈನ್ ಕೊಡಿ" ಎಂದು ಕೇಳಬೇಡಿ, ಅಂಕಿಯನ್ನು ಹೇಳಿ. 1.3ಕ್ಕೂ 1.5ಕ್ಕೂ ಇರುವ ವ್ಯತ್ಯಾಸ ಎರಡು ಹಾಳೆ ಕಾಗದದಷ್ಟು. ಬರಿಗಣ್ಣಿಗೆ ಗೊತ್ತಾಗುವುದಾದರೂ ಹೇಗೆ?

ನನಗೂ ಗೊತ್ತಾಗಲಿಲ್ಲ. ಧಾರವಾಡದಲ್ಲಿ ಕೃಷಿ ಪದವಿ ಓದಿದವನು ನಾನು. ಅಲ್ಲಿ ಟ್ರ್ಯಾಕ್ಟರ್ ಬಿಚ್ಚಿ ತೋರಿಸಿದ್ದರು, ಗರಗಸ ತೋರಿಸಿರಲಿಲ್ಲ. ಎಂಟು ವರ್ಷದ ಹಿಂದೆ ನಮ್ಮ ಸ್ವಂತ ಹೊಲದ ಯಂತ್ರಕ್ಕೆ ನಾನೇ ಹೋಗಿ ಸರಪಳಿ ತಂದೆ. ಪಿಚ್ ಸರಿಯಿತ್ತು, ನಾಲಗೆಗಳ ಎಣಿಕೆ 72, ಅದೂ ಸರಿಯಿತ್ತು. ಬಾರು ಒಂದೂವರೆಯದು, ಸರಪಳಿ 1.3ರದು. ಅಂಗಡಿಯವನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಾಕಿದರೆ ಸಲೀಸಾಗಿ ಕೂತಿತು. ದಪ್ಪ ನಾಲಗೆ ತೆಳು ಕಾಲುವೆಗೆ ಇಳಿಯುವುದೇ ಇಲ್ಲ, ಆ ತಪ್ಪು ಅಲ್ಲೇ ತಿಳಿಯುತ್ತದೆ. ತೆಳು ನಾಲಗೆ ಅಗಲ ಕಾಲುವೆಯಲ್ಲಿ ಕೂರುವುದೇ ಅಪಾಯ. ಅರ್ಧ ದಿನ ಕೆಲಸ ನಡೆಯಿತು. ಕೊಯ್ತ ಸ್ವಲ್ಪ ಸೊಟ್ಟ ಹೋಗುತ್ತಿದೆ ಎಂದು ನಮ್ಮ ಆಳುಮಗ ಹೇಳಿದ. ಹಲ್ಲು ಮೊಂಡಾಗಿರಬೇಕು, ಇದೊಂದು ಕೊಂಬೆ ಮುಗಿಸಿಬಿಡು ಎಂದೆ. ಬೇವಿನ ಆ ಓರೆ ಕೊಂಬೆಯಲ್ಲಿ ಬಾರಿನ ಮೇಲೆ ಪಕ್ಕದ ಒತ್ತಡ ಬಿದ್ದೊಡನೆ ಸರಪಳಿ ಹಳಿ ತಪ್ಪಿ ಹಾರಿತು. ಹಾರಿದ ಸರಪಳಿಯನ್ನು ತಡೆಯಲೆಂದು ಯಂತ್ರದ ಕೆಳಗೆ ಒಂದು ಕೊಂಡಿ ಇರುತ್ತದೆ. ನಮ್ಮದರಲ್ಲಿ ಅದು ಮುರಿದು ಒಂದು ವರ್ಷವಾಗಿತ್ತು. ಅವನ ಮೊಣಕಾಲ ಕೆಳಗೆ ಒಂಬತ್ತು ಹೊಲಿಗೆ ಬಿದ್ದವು. ಕಾಲಲ್ಲಿ ಇದ್ದದ್ದು ಚಪ್ಪಲಿ. ಕಬ್ಬು ನಾಟಿಯ ದಿನಗಳು, ಆರು ವಾರ ಅವನು ಹೊಲಕ್ಕೆ ಇಳಿಯಲಿಲ್ಲ. ಕೂಲಿಯನ್ನೇನೋ ಕೊಟ್ಟೆ. ಅವನು ಹಿಡಿದಿದ್ದ ನಾಟಿಯ ಗುತ್ತಿಗೆ ಕೈತಪ್ಪಿತು, ಅದನ್ನು ನಾನು ಕೊಡಲಾಗಲಿಲ್ಲ. ಇಂದಿಗೂ ಅವನ ಮನೆಯ ಮುಂದೆ ಹಾದುಹೋಗುವಾಗ ನಾನು ತಲೆಯೆತ್ತಿ ನೋಡುವುದಿಲ್ಲ.

ಹೀಗಿರುವಾಗ, ತೆಳು ಗೇಜೇ ಕೆಟ್ಟದ್ದೆಂದು ತಾವು ತಿಳಿಯಬಾರದು. ಅದಕ್ಕೆ ಹೊಂದುವ ಬಾರಿನ ಮೇಲೆ ಅದು ಒಳ್ಳೆಯ ಸರಪಳಿ. ತೆಳುವಾಗಿ ಕೊಯ್ಯಲೆಂದೇ ಮಾಡಿದ ಸರಪಳಿಯ ಹಲ್ಲೂ ಕಿರಿದು, ಮರದಲ್ಲಿ ಅದು ತೆಗೆಯುವ ಸಂದೂ ಕಿರಿದು. ಕಡಿಮೆ ಮರ ತೆಗೆದಷ್ಟೂ ಎಂಜಿನ್ನಿಗೆ ಭಾರ ಕಡಿಮೆ. 35ರಿಂದ 45 ಸಿ.ಸಿ. ಯಂತ್ರ, 14ರಿಂದ 16 ಇಂಚಿನ ಬಾರು, ಕೆಲಸವೆಂದರೆ ಕೊಂಬೆ ಸವರುವುದು ಮತ್ತು ತೊಡೆ ಗಾತ್ರದ ಮರ: ಇಷ್ಟೇ ಆದರೆ ತೆಳುವನ್ನೇ ತೆಗೆದುಕೊಳ್ಳಿ. ಆ ಯಂತ್ರಕ್ಕೆ ಅಗಲ ಸರಪಳಿ ಹಾಕಿದರೆ ಎಂಜಿನ್ ಉಸಿರುಗಟ್ಟುತ್ತದೆ, ಹಿಡಿದವನು ಮೈಭಾರ ಹಾಕಿ ಒತ್ತುತ್ತಾನೆ, ಬಾರು ಕಾಯುತ್ತದೆ. ಬಡ ಎತ್ತಿಗೆ ದೊಡ್ಡ ನೇಗಿಲು ಕಟ್ಟಿದ ಹಾಗೆ.

50 ಸಿ.ಸಿ. ದಾಟಿದ ಯಂತ್ರ, 18 ಇಂಚಿಗಿಂತ ಉದ್ದದ ಬಾರು, ಬೇರು ಸಮೇತ ಉರುಳಿದ ಮರ, ಹುಣಸೆ, ಗಾಳಿಮರ, ಒಣಗಿದ ಜಾಲಿ, ಇವುಗಳಿಗೆ ರೂಢಿಯ ಗೇಜೇ ಸರಿ ಎಂಬುದು ನನ್ನ ಅಭಿಪ್ರಾಯ. ಮರ ಕೂತು ಬಾರು ಸಿಕ್ಕಿಕೊಂಡಾಗ ಆಳುಗಳು ಯಂತ್ರವನ್ನೇ ಹಾರೆಯಂತೆ ಮೀಟುತ್ತಾರೆ. ಮೀಟಬಾರದು, ಆದರೆ ಮೀಟುತ್ತಾರೆ. ತೆಳು ಬಾರು ಅಂಥ ಒರಟು ಕೈಗೆ ಬೇಗ ಬಾಗುತ್ತದೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ 58 ಸಿ.ಸಿ. ಯಂತ್ರಗಳು ಹೆಚ್ಚಾಗಿ 0.325 ಪಿಚ್, 0.058 ಗೇಜಿನವು. ಅವುಗಳನ್ನು ಹಾಗೆಯೇ ಉಳಿಸಿಕೊಳ್ಳಿ. ತೆಳುವಿಗೆ ಬದಲಾಯಿಸಲೇಬೇಕೆಂದರೆ ಬಾರು ಮತ್ತು ಸರಪಳಿ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಪಿಚ್ ಅದೇ ಇದ್ದರೆ ಎಂಜಿನ್ ಕಡೆಯ ಹಲ್ಲುಗಾಲಿ ಬದಲಾಯಿಸಬೇಕಾಗಿಲ್ಲ.

ಇರುವ ಯಂತ್ರದ ಗೇಜನ್ನು ತಿಳಿಯುವುದು ಹೇಗೆ? ಬಾರಿನ ಹಿಂಬದಿಯಲ್ಲಿ, ಎಂಜಿನ್ನಿಗೆ ಸೇರುವ ಕಡೆ, ಅಂಕಿಗಳನ್ನು ಒತ್ತಿರುತ್ತಾರೆ. ಮಸಿಯೆಣ್ಣೆ ಒರೆಸಿ ಓದಿ. ನಾಲಗೆಯ ಮೇಲೂ ಗುರುತಿರುತ್ತದೆ. ಸ್ಟಿಲ್ ಸರಪಳಿಯ ನಾಲಗೆಯ ಮೇಲಿನ 3 ಎಂದರೆ 1.3, 5 ಎಂದರೆ 1.5, 6 ಎಂದರೆ 1.6 ಮಿಲಿಮೀಟರು. ಒರೆಗಾನ್ ಸರಪಳಿಯಲ್ಲಿ 20 ಎಂದಿದ್ದರೆ 0.325 ಪಿಚ್ಚಿನ 0.050, 21 ಎಂದಿದ್ದರೆ 0.058, ಹಾಗೂ 95 ಎಂದರೆ ತೆಳು ಕೊಯ್ತದ 0.050. ಗುರುತು ಸವೆದಿದ್ದರೆ ವರ್ನಿಯರ್ ಕ್ಯಾಲಿಪರ್ ಹಿಡಿದು ನಾಲಗೆಯ ದಪ್ಪ ಅಳೆಯಬೇಕು. ಪಿಚ್ ಅಳೆಯಲು ಸಾಲಾಗಿರುವ ಮೂರು ರಿವೆಟ್ಟುಗಳಲ್ಲಿ ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳತೆ ತೆಗೆದು ಅರ್ಧ ಮಾಡಿ. ಒಟ್ಟು ಹದಿನಾರೂವರೆ ಮಿಲಿಮೀಟರು ಬಂದರೆ 0.325, ಸುಮಾರು 19 ಬಂದರೆ ಮೂರೆಂಟಾಂಶ. ನಾಲಗೆಗಳನ್ನು ಎಣಿಸುವುದನ್ನು ಮರೆಯಬೇಡಿ. ಬಾರು 18 ಇಂಚಿನದೇ ಆದರೂ ಒಂದು ಕಂಪನಿಗೆ 72, ಇನ್ನೊಂದಕ್ಕೆ 74 ಇರುತ್ತದೆ. ಪಿಚ್, ಗೇಜ್, ನಾಲಗೆಯ ಎಣಿಕೆ, ಈ ಮೂರನ್ನು ಚೀಟಿಯಲ್ಲಿ ಬರೆದು ಫೋಟೋ ತೆಗೆದು ಕಳಿಸಲು ಊರಿನವರಿಗೆ ಹೇಳಿ. ಆ ಚೀಟಿ ಬರುವ ತನಕ ಅಂಗಡಿಗೆ ಹೋಗಬೇಡಿ.

ಹಳೆಯ ಬಾರಿನದು ಬೇರೆ ಸಮಸ್ಯೆ. ಸರಪಳಿಯನ್ನು ಬಾರಿನ ಮೇಲೆ ಬಿಗಿದು, ಎಂಜಿನ್ ಆರಿಸಿ, ಕೈಗವಸು ಹಾಕಿಕೊಂಡು ಹಲ್ಲನ್ನು ಅಡ್ಡಕ್ಕೆ ಅಲುಗಾಡಿಸಿ. ಎರಡೂ ಕಡೆ ಚೆನ್ನಾಗಿ ವಾಲಿದರೆ ಒಂದೋ ಗೇಜ್ ತಪ್ಪಿದೆ, ಇಲ್ಲವೇ ಕಾಲುವೆ ಸವೆದು ಅಗಲವಾಗಿದೆ. ಸವೆದ ಬಾರಿಗೆ ದಪ್ಪ ಸರಪಳಿ ಹಾಕಿದರೆ ಸರಿಹೋಗುತ್ತದೆಂದು ಕೆಲವು ಜಾಣರು ಹೇಳುವುದನ್ನು ಕೇಳಿದ್ದೇನೆ. ಕಾಲುವೆ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ, ಮೂತಿಯ ಚಕ್ರಕ್ಕೆ ಆ ದಪ್ಪ ಹೊಂದುವುದೂ ಇಲ್ಲ. ಬಾರನ್ನೇ ಬದಲಾಯಿಸಿ. ಸುಟ್ಟ ಎಂಜಿನ್ ಆಯಿಲನ್ನು ಸರಪಳಿಗೆ ಬಿಡುವ ಚಟ ನಮ್ಮಲ್ಲಿದೆ. ಅದರಲ್ಲಿರುವ ಲೋಹದ ಪುಡಿಯೇ ಕಾಲುವೆಯನ್ನು ತಿನ್ನುತ್ತದೆ.

ಅರದ ಬಗ್ಗೆಯೂ ಒಂದು ಮಾತು. 0.325ರ ಹಲ್ಲಿಗೆ 4.8 ಮಿಲಿಮೀಟರಿನ ದುಂಡು ಅರ, ಕುಳ್ಳು ಮೂರೆಂಟಾಂಶಕ್ಕೆ 4 ಮಿಲಿಮೀಟರಿನದು. ಈ ಹಲ್ಲಿನ ಹುಟ್ಟು ನಮ್ಮ ಕಸುಬಿಗೆ ಹತ್ತಿರವಾದ ಕಥೆ. ಅಮೆರಿಕದ ಒರೆಗಾನ್ ಪ್ರಾಂತದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವನು ಕೊರಡಿನೊಳಗೆ ಒಂದು ಜೀರುಂಡೆಯ ಮರಿಹುಳು ಎಡಕ್ಕೂ ಬಲಕ್ಕೂ ದವಡೆಯಾಡಿಸುತ್ತ ಸಲೀಸಾಗಿ ಕೊರೆಯುವುದನ್ನು ಕಂಡ. ಅದನ್ನೇ ಅನುಕರಿಸಿ ಎಡಬಲಕ್ಕೆ ಬಾಗಿದ ಹಲ್ಲಿನ ಸರಪಳಿ ಮಾಡಿ 1947ರಲ್ಲಿ ಕಂಪನಿ ತೆರೆದ. ಕೊರೆಯುವ ಹುಳುವಿನಿಂದ ಲಾಭ ಮಾಡಿಕೊಂಡವನು ಅವನೊಬ್ಬನೇ ಇರಬೇಕು. ನಮಗಂತೂ ಕಬ್ಬಿನ ಸುಳಿಕೊರಕದಿಂದ ನಷ್ಟವೇ.

2021ರ ಮೇ 16ರ ಭಾನುವಾರ ತೌಕ್ತೆ ಚಂಡಮಾರುತ ಗೋವೆಯ ಅಂಚಿಗೆ ಹಾದುಹೋದಾಗ ಮರಗಳು ರಸ್ತೆ, ಮನೆ, ವಿದ್ಯುತ್ ಕಂಬಗಳ ಮೇಲೆ ಬಿದ್ದದ್ದನ್ನು ತಾವು ನೋಡಿದ್ದೀರಿ. ಉರುಳಿದ ಮರ ನಿಂತ ಮರದಂತಲ್ಲ. ಬೇರಿನ ಮಣ್ಣು, ಮರಳು, ಜಂಬಿಟ್ಟಿಗೆಯ ಚೂರು ತೊಗಟೆಗೆ ಹತ್ತಿರುತ್ತವೆ. ಒಂದು ಬಾರಿ ಮಣ್ಣಿಗೆ ತಾಗಿದರೆ ಹೊಸ ಹಲ್ಲೂ ಮೊಂಡು. ತೆಂಗಿನ ಕಾಂಡದ ಹೊರಮೈ ಗಟ್ಟಿ ನಾರು, ಅದೂ ಹಲ್ಲನ್ನು ಬೇಗ ತಿನ್ನುತ್ತದೆ. ಇಂಥ ಕೆಲಸಕ್ಕೆ ಯಾವ ಗೇಜಾದರೂ ಸರಿ, ಒಂದೇ ಅಳತೆಯ ಎರಡು ಸರಪಳಿ ಜೊತೆಗಿರಲಿ. ತಂತಿ ಸಿಕ್ಕಿಕೊಂಡ ಮರವನ್ನು ವಿದ್ಯುತ್ ಇಲಾಖೆಯವರು ಬಂದು ಹೇಳುವ ತನಕ ಮುಟ್ಟಬೇಡಿ. ನಿಂತ ಮರವನ್ನು ಕಡಿಯುವ ಮುಂಚೆ ಅಪ್ಪಣೆಯ ವಿಷಯ ವಿಚಾರಿಸಿ. ಗೋವೆಯಲ್ಲಿ 1984ರ, ಕರ್ನಾಟಕದಲ್ಲಿ 1976ರ ಮರ ಸಂರಕ್ಷಣೆಯ ಕಾಯಿದೆ ಇದೆ. ಯಾವ ಮರಕ್ಕೆ ಅಪ್ಪಣೆ ಬೇಕೆಂಬುದನ್ನು ಅರಣ್ಯ ಇಲಾಖೆಯವರು ಹೇಳುತ್ತಾರೆ.

ಎದುರಿನ ಮೇಜಿನ ಮೇಲೆ 1.3 ಮತ್ತು 1.5ರ ಎರಡು ಸರಪಳಿ, ಒಂದೂವರೆಯ ಒಂದು ಬಾರು, ಒಂದು ಕ್ಯಾಲಿಪರ್ ಇಟ್ಟಿದ್ದೇನೆ. ಚಹಾ ಬರುವುದರೊಳಗೆ ಒಬ್ಬೊಬ್ಬರಾಗಿ ಬಂದು ಎರಡನ್ನೂ ಬಾರಿನ ಮೇಲೆ ಕೂರಿಸಿ ಅಲುಗಾಡಿಸಿ ನೋಡಿ. ಕೈಗವಸು ಅಲ್ಲೇ ಇದೆ, ಹಾಕಿಕೊಂಡೇ ಮುಟ್ಟಿ.