ಶುಶ್ರೂಷಾಧರ್ಮ
(ಹಿಂದೂಪುರದಲ್ಲಿ ವಿದ್ಯಾರ್ಥಿನಿಯರನ್ನುದ್ದೇಶಿಸಿ ಮಾಡಿದ ಭಾಷಣ)



ನಮ್ಮ ಕನ್ನಡ ಶಾಲೆಗಳಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಶುಶ್ರೂಷಾವೃತ್ತಿಯನ್ನು ಆರಿಸಿಕೊಳ್ಳುವವರೂ ಇದ್ದಾರೆ. ಆದುದರಿಂದ ಆ ವೃತ್ತಿಯ ಧರ್ಮವನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ಉಚಿತವೆಂದು ಭಾವಿಸಿದ್ದೇವೆ.

ವೈದ್ಯನನ್ನು ನಾರಾಯಣನೆಂದು ಕರೆದ ನಾಡು ನಮ್ಮದು. ದಾದಿಯನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ನಮ್ಮ ಪ್ರಾಚೀನರು ಹಾಗೆ ಮರೆತವರಲ್ಲ. ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿದೆ. ಪರಿಚಾರಕನಿಗೆ ಬೇಕಾದ ಗುಣಗಳೂ ನಾಲ್ಕು: ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಅನುರಾಗವಿದ್ದು ಜ್ಞಾನವಿಲ್ಲದಿದ್ದರೆ ಅಪಾಯ; ಜ್ಞಾನವಿದ್ದು ಅನುರಾಗವಿಲ್ಲದಿದ್ದರೆ ಅದು ಬರಿಯ ಯಂತ್ರದ ಕೆಲಸ.

ಇದಕ್ಕೆ ನಿದರ್ಶನವೊಂದುಂಟು. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗ ಎಂಬವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಆ ಆಸ್ಪತ್ರೆಯ ನೌಕರನೊಬ್ಬನೇ ಅವರ ಮೇಲೆ ಕ್ರೂರವಾಗಿ ಹಲ್ಲೆ ಮಾಡಿದನು. ಮಿದುಳಿಗಾದ ಹಾನಿಯಿಂದ ಅವರು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಗಳಿಗೂ ಮಿಗಿಲಾಗಿ, ಆ ಆಸ್ಪತ್ರೆಯ ದಾದಿಯರೇ ಅವರಿಗೆ ಉಣಿಸಿದರು, ಮೈ ತೊಳೆದರು, ಮಗ್ಗುಲು ಬದಲಿಸಿದರು. ಹಾಸಿಗೆಯನ್ನು ತೆರವು ಮಾಡಿಸಲು 1980ರ ದಶಕದಲ್ಲಿ ಯತ್ನ ನಡೆದಾಗ ಪ್ರತಿಭಟಿಸಿ ತಡೆದವರೂ ಅವರೇ.

ಅವರ ಬದುಕನ್ನು ಕೃತಕವಾಗಿ ಮುಂದುವರಿಸಬಾರದೆಂದು ಲೇಖಕಿಯೊಬ್ಬರು ಸರ್ವೋಚ್ಚ ನ್ಯಾಯಾಲಯವನ್ನು ಬೇಡಿಕೊಂಡರು. ಅದರ ಹಿಂದೆ ಇದ್ದುದೂ ಕರುಣೆಯೇ. 2011ರ ಮಾರ್ಚ್ 7ರ ತೀರ್ಪು ಆ ಬೇಡಿಕೆಯನ್ನು ಒಪ್ಪಲಿಲ್ಲ. ಅರುಣಾ ಅವರ ಪರವಾಗಿ ಮಾತನಾಡುವ ಅಧಿಕಾರ ಆಸ್ಪತ್ರೆಯ ಸಿಬ್ಬಂದಿಗೇ ಸೇರಿದ್ದೆಂದು ಹೇಳಿತು. ಅಷ್ಟು ವರ್ಷಗಳಲ್ಲಿ ಒಂದು ಹಾಸಿಗೆಹುಣ್ಣೂ ಆಗಿರಲಿಲ್ಲವೆಂಬುದನ್ನು ನ್ಯಾಯಾಲಯವು ಪ್ರಶಂಸಿಸಿತು. ಅಲುಗಾಡದ ರೋಗಿಯ ಮೂಳೆಯುಬ್ಬುಗಳ ಮೇಲೆ ಭಾರ ಬಿದ್ದು, ರಕ್ತಸಂಚಾರ ನಿಂತು, ಚರ್ಮ ಕೊಳೆಯುತ್ತದೆ. ಅದನ್ನು ತಡೆಯಲು ಹಗಲಿರುಳೂ ಕೆಲವೇ ಗಂಟೆಗಳಿಗೊಮ್ಮೆ ಮಗ್ಗುಲು ತಿರುಗಿಸುತ್ತಿರಬೇಕು. ಯಾರೂ ನೋಡದ ನಡುರಾತ್ರಿಯಲ್ಲಿಯೂ ಮಾಡುವ ಆ ಕೆಲಸವೇ ಶುಶ್ರೂಷಾಧರ್ಮದ ಒರೆಗಲ್ಲು.

ಇನ್ನು ನಮ್ಮ ಗಡಿನಾಡಿಗೆ ಬರೋಣ. 1953ರಲ್ಲಿ ಆಂಧ್ರ ರಾಜ್ಯವು ನಿರ್ಮಾಣವಾದಾಗ ನಮ್ಮ ಸೀಮೆ ಅದರೊಳಗೆ ಸೇರಿತು. ಹಿಂದೂಪುರದ ಸರ್ಕಾರಿ ಆಸ್ಪತ್ರೆಗಾಗಲಿ, ಕಲ್ಯಾಣದುರ್ಗದ ಗ್ರಾಮೀಣಾಭಿವೃದ್ಧಿ ಟ್ರಸ್ಟಿನ ಆಸ್ಪತ್ರೆಗಾಗಲಿ ಬರುವ ರೋಗಿಗಳಲ್ಲಿ ಕನ್ನಡ ಮಾತ್ರ ಬಲ್ಲ ಮುದುಕಿಯರೂ ಇರಬಹುದು. ಕಾಗದವು ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದರೆ ಆ ತಾಯಿಯ ಪಾಡೇನು? ತಿಳಿಯದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ. ಚಿಕಿತ್ಸೆಯನ್ನು ವಿವರಿಸುವುದು ವೈದ್ಯರ ಹೊಣೆ. ರೋಗಿಗೆ ಅದು ತಿಳಿಯಿತೇ ಎಂದು ನೋಡಿ, ತಿಳಿಯದಿದ್ದರೆ ವೈದ್ಯರಿಗೆ ಹೇಳುವುದು ದಾದಿಯ ಹೊಣೆ. ಎರಡು ಭಾಷೆಗಳನ್ನು ಬಲ್ಲ ನಮ್ಮ ಹೆಣ್ಣುಮಕ್ಕಳು ಈ ಸೇವೆಗೆ ಎಲ್ಲರಿಗಿಂತ ಅರ್ಹರು.

ಇನ್ನೆರಡು ನಿಯಮಗಳನ್ನು ನೆನಪಿನಲ್ಲಿಡಿ. ಮೊದಲನೆಯದು, ಗೋಪ್ಯ. ಚಿಕ್ಕ ಊರುಗಳಲ್ಲಿ ವಾರ್ಡಿನ ಮಾತು ಸಂಜೆಯೊಳಗೆ ಸಂತೆಗೆ ತಲುಪುತ್ತದೆ. ಅದರಿಂದ ಒಂದು ಹುಡುಗಿಯ ಮದುವೆ ಮುರಿಯಬಹುದು, ಒಬ್ಬನ ಕೂಲಿ ತಪ್ಪಬಹುದು. ಎರಡನೆಯದು, ಸತ್ಯ. ಔಷಧ ಕೊಡುವ ಮುನ್ನ ರೋಗಿ, ಔಷಧ, ಪ್ರಮಾಣ, ವೇಳೆ, ಕೊಡುವ ಮಾರ್ಗ ಈ ಐದೂ ಸರಿಯೇ ಎಂದು ನೋಡಬೇಕು. ಆದರೂ ತಪ್ಪಾದರೆ ಒಡನೆಯೇ ತಿಳಿಸಬೇಕು. ತಿಳಿಸಿದ ತಪ್ಪಿಗೆ ಪರಿಹಾರವುಂಟು; ಮುಚ್ಚಿಟ್ಟ ತಪ್ಪು ಪ್ರಾಣವನ್ನೇ ಕೊಂಡೊಯ್ದೀತು.

ಹಿರಿಯರಲ್ಲಿಯೂ ಒಂದು ವಿನಂತಿ. ಅರುಣಾ ಅವರಿಗೆ ಕೇಡಾದದ್ದು ತಾವು ದುಡಿಯುವ ಸ್ಥಳದಲ್ಲಿಯೇ. ದಾದಿಯಿಂದ ಧರ್ಮವನ್ನು ಅಪೇಕ್ಷಿಸುವ ಸಮಾಜವು ಆಕೆಗೆ ರಕ್ಷಣೆಯನ್ನೂ ವಿಶ್ರಾಂತಿಯನ್ನೂ ಗೌರವವನ್ನೂ ಕೊಡಬೇಕು. ಹಗುರವಾಗಿ ಮಾತನಾಡಿಸಿ, ಎರಡು ಪಾಳಿ ದುಡಿಸಿ, ಆಮೇಲೆ ಅನುರಾಗವನ್ನು ಕೇಳುವುದು ನ್ಯಾಯವಲ್ಲ.

ವಿದ್ಯಾರ್ಥಿನಿಯರೇ, ನಿಮ್ಮ ಕೈಗೆ ಬರುವ ರೋಗಿಯು ಯಾರೇ ಆಗಲಿ, ಯಾವ ಭಾಷೆಯಲ್ಲಿಯೇ ನರಳಲಿ, ಆ ನರಳಿಕೆಯನ್ನು ಅರಿತುಕೊಳ್ಳುವ ಶಕ್ತಿ ನಿಮಗೆ ಲಭಿಸಲೆಂದು ಹಾರೈಸುತ್ತೇವೆ.