ಸರ್ಟಿಫಿಕೇಟೋ, ಪದವಿಯೋ? ಹತ್ತನೆಯ ತರಗತಿಯ ಮಕ್ಕಳೊಡನೆ ನಾಲ್ಕು ಮಾತು

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಪಾಸಾದಾಗ ನನಗೆ ಒಳ್ಳೆಯ ಅಂಕ ಬಂದಿತ್ತು. ಒಳ್ಳೆಯ ಅಂಕ ಬಂದವರು ಸೈನ್ಸ್ ತೆಗೆದುಕೊಳ್ಳಬೇಕು ಎಂದರು, ತೆಗೆದುಕೊಂಡೆ. ಏಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ದ್ವಿತೀಯ ಪಿಯುಸಿಯಲ್ಲಿ ಎರಡು ವಿಷಯ ಫೇಲಾದೆ. ಅಪ್ಪ ಅಡಿಕೆ ಕೊನೆ ಕೊಯ್ದು ಫೀ ಕಟ್ಟಿದ್ದರು. ಅವರ ಮುಖ ನೋಡಲಾಗದೆ ತಿಂಗಳುಗಟ್ಟಲೆ ಮನೆಯೊಳಗೇ ಉಳಿದೆ.

ಒಂದು ದಿನ ನಮ್ಮ ಗಣಿತದ ಮಾಸ್ತರು ಮನೆಗೆ ಬಂದರು. “ತಮ್ಮಾ, ಹೋಗಿದ್ದು ಎರಡು ವಿಷಯ. ನೀ ಹೋಗ್ಲಿಲ್ಲ ಅಲ್ದಾ?” ಎಂದರು. ಆಮೇಲೆ ತೋಟದ ಪಂಪು ರಿಪೇರಿ ಮಾಡಿದ್ದು ಯಾರೆಂದು ಅಪ್ಪನನ್ನು ಕೇಳಿದರು. ಅದನ್ನು ಮಾಡಿದವನು ನಾನೇ ಆಗಿದ್ದೆ. ಐಟಿಐಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಸಾಕು ಎಂದು ಅವತ್ತೇ ನನಗೆ ತಿಳಿದದ್ದು. ಎರಡು ವರ್ಷ ಎಲೆಕ್ಟ್ರಿಷಿಯನ್ ಕಲಿತೆ, ಒಂದು ವರ್ಷ ಅಪ್ರೆಂಟಿಸ್ ಆದೆ. ಅಂದಿನಿಂದ ಇಂದಿನವರೆಗೆ ಕೆಲಸವಿಲ್ಲದೆ ಕುಳಿತಿಲ್ಲ.

ಹಾಗಾದರೆ ಎಲ್ಲರೂ ಐಟಿಐಗೆ ಹೋಗಿ ಎನ್ನುತ್ತೇನೆಯೇ? ಇಲ್ಲ. ಇನ್ನರ್ಧ ಕಥೆಯನ್ನೂ ಕೇಳಿ. ನಾನು ಸರ್ಟಿಫಿಕೇಟಿಗೇ ನಿಂತುಬಿಟ್ಟೆ. ಸಂಬಳ ಬರುತ್ತಿತ್ತು, ಮುಂದೆ ಓದಲು ಮನಸ್ಸು ಮಾಡಲಿಲ್ಲ. ಹತ್ತು ವರ್ಷದ ಮೇಲೆ ಮೇಲಿನ ಹುದ್ದೆ ಖಾಲಿಯಾದಾಗ ಡಿಪ್ಲೊಮಾ ಕೇಳಿದರು. ನಾನು ಕೆಲಸ ಹೇಳಿಕೊಟ್ಟ ಹುಡುಗ ಡಿಪ್ಲೊಮಾ ಇದ್ದದ್ದರಿಂದ ನನ್ನ ಮೇಲಧಿಕಾರಿಯಾದ. ಅವನ ತಪ್ಪೇನೂ ಇಲ್ಲ. ಇತ್ತ ನನ್ನ ತಂಗಿ ಹೊನ್ನಾವರದಲ್ಲಿ ಬಿ.ಎ. ಮಾಡಿ, ಬಿ.ಇಡಿ. ಮುಗಿಸಿ ಶಿಕ್ಷಕಿಯಾದಳು. ಪದವಿ ಇಲ್ಲದೆ ಆ ಬಾಗಿಲು ತೆರೆಯುವುದೇ ಇಲ್ಲ.

ಆದ್ದರಿಂದ ಮಕ್ಕಳೇ, ಯಾವುದು ದೊಡ್ಡದು ಎಂದು ಕೇಳಬೇಡಿ. ಇದು ಮುಗಿದ ಮೇಲೆ ಮುಂದೆ ಯಾವ ದಾರಿ ತೆರೆದಿರುತ್ತದೆ ಎಂದು ಕೇಳಿ. ಐಟಿಐಯಲ್ಲಿ ವೆಲ್ಡರ್ ಒಂದು ವರ್ಷ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಈಗ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಎಸ್.ಎಸ್.ಎಲ್.ಸಿ. ಆದ ಕೂಡಲೇ ಸೇರಿದರೆ ಡಿಪ್ಲೊಮಾ ಮೂರು ವರ್ಷ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಸರಕಾರಿ ಕಚೇರಿಯಲ್ಲಿ ಎಸ್‌ಡಿಎ ಆಗಲು ಪಿಯುಸಿ ಸಾಕು. ಎಫ್‌ಡಿಎ ಆಗಲು, ಕೆ.ಎ.ಎಸ್. ಬರೆಯಲು ಪದವಿಯೇ ಬೇಕು.

ಇನ್ನೊಂದು ಎಚ್ಚರಿಕೆ. 2021-22ರಲ್ಲಿ ನಮ್ಮ ರಾಜ್ಯದ ಪದವಿ ಕಾಲೇಜುಗಳಿಗೆ ಹೊಸ ಪದ್ಧತಿ ಬಂತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂದಿತ್ತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಯೇ ಬಂದಿದೆ. ಕೈಕೆಲಸ ಕಲಿಸುವ ಸರ್ಟಿಫಿಕೇಟು ಬೇರೆ, ಓದು ನಡುವೆ ಬಿಟ್ಟದ್ದಕ್ಕೆ ಸಿಗುವ ಸರ್ಟಿಫಿಕೇಟು ಬೇರೆ. ಹೆಸರು ಒಂದೇ ಎಂದು ಮೋಸಹೋಗಬೇಡಿ. ನಿಯಮಗಳು ಬದಲಾಗುತ್ತಿರುತ್ತವೆ, ಸೇರುವ ವರ್ಷದ ನಿಯಮವನ್ನೇ ಕೇಳಿ ತಿಳಿಯಿರಿ.

ಪಾಲಕರಲ್ಲಿ ಒಂದು ವಿನಂತಿ. “ಬರೀ ಐಟಿಐ”, “ಬರೀ ಬಿ.ಎ.” ಎನ್ನಬೇಡಿ. ಹಾಸ್ಯಗಾರ ಮೇಳದಿಂದ ಹೆಸರಾದ ಊರು ನಮ್ಮ ಕರ್ಕಿ. ಚಂಡೆ ಬಾರಿಸುವವರನ್ನು ನೋಡಿ “ಪಾಪ, ವೇಷ ಸಿಗಲಿಲ್ಲ” ಎಂದು ನಾವು ಯಾರಾದರೂ ಹೇಳಿದ್ದೇವೆಯೇ? ಹಾಗೆಯೇ, ಹಣ ಬೇಗ ಬೇಕೆಂದು ಓದುವ ಹುಡುಗಿಯನ್ನು ಅರ್ಧಕ್ಕೆ ನಿಲ್ಲಿಸಬೇಡಿ. ನನ್ನ ತಂಗಿಯನ್ನೂ ನಿಲ್ಲಿಸುವ ಮಾತು ಬಂದಿತ್ತು. ಬೇಡವೆಂದು ಹಟ ಹಿಡಿದವಳು ಅಕ್ಷರ ಬಾರದ ನಮ್ಮ ಅಬ್ಬೆ.

ಹಳೆ ವಿದ್ಯಾರ್ಥಿಗಳಿಗೂ ಒಂದು ಮಾತು. ಮಾಸ್ತರು ಅಂದು ಮನೆಗೆ ಬಾರದಿದ್ದರೆ ನಾನು ಇಲ್ಲಿ ನಿಂತಿರುತ್ತಿರಲಿಲ್ಲ. ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶದ ಮರುದಿನ ನಾನು ಈ ಶಾಲೆಯ ಜಗಲಿಯಲ್ಲಿ ಕುಳಿತಿರುತ್ತೇನೆ. ಪಾಸಾದವರೂ ಬನ್ನಿ, ಫೇಲಾದವರಂತೂ ಬಂದೇ ಬನ್ನಿ. ಅರ್ಜಿ ತುಂಬೋಣ, ದಾರಿ ಹುಡುಕೋಣ. ನನ್ನ ಜೊತೆ ಕುಳಿತುಕೊಳ್ಳಲು ನಿಮ್ಮಲ್ಲಿ ಇನ್ನಿಬ್ಬರು ಮುಂದೆ ಬಂದರೆ ಸುವರ್ಣ ಮಹೋತ್ಸವ ಸಾರ್ಥಕ.